ಪ್ರತಿದಿನವೂ ಅದೇ ದರದ ಟೊಮ್ಯಾಟೊ

ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಕಂಪ್ಯೂಟರ್ ಆಟದಲ್ಲಿ, ವಸಂತ ಋತುವಿನ 13ನೆಯ ದಿನ ರಾತ್ರಿ ಹತ್ತು ಗಂಟೆಗೆ ನಾನು ಮೊಟ್ಟೆ ಹಬ್ಬ ಮುಗಿಸಿಕೊಂಡು ತೋಟದ ಮನೆಗೆ ಮರಳಿದೆ. ಚೀಲದಲ್ಲಿ ಸ್ಟ್ರಾಬೆರಿ ಬೀಜದ 24 ಪೊಟ್ಟಣಗಳಿದ್ದವು. ಊರಿನ ಅಂಗಡಿಯಲ್ಲಿ ಆ ಬೀಜ ಇಡುವುದಿಲ್ಲ. ವರ್ಷಕ್ಕೊಮ್ಮೆ ಈ ಹಬ್ಬದಲ್ಲಿ ಮಾರುತ್ತಾರೆಂಬುದು ತಿಳಿದದ್ದೇ ತಡ, ಎರಡು ವಾರ ಆಲೂಗಡ್ಡೆ ಬೆಳೆದು ಮಾರಿ ಕೂಡಿಟ್ಟಿದ್ದನ್ನೆಲ್ಲ ತಲಾ 100 ನಾಣ್ಯದಂತೆ ಅವುಗಳ ಮೇಲೆ ಸುರಿದಿದ್ದೆ. ಎರಡು ಗಂಟೆಗೆ ಮೊದಲು ಹಾಸಿಗೆ ಸೇರದಿದ್ದರೆ ಎಲ್ಲಿದ್ದೇನೋ ಅಲ್ಲಿಯೇ ಜ್ಞಾನ ತಪ್ಪಿ ಬೀಳುವುದು ಖಚಿತವಾಗಿತ್ತು. ಪರದೆ ಕಡುನೀಲಿಗೆ ತಿರುಗಿ ಅಗೆದ ಮಣ್ಣಿಗೂ ಅಗೆಯದ ಮಣ್ಣಿಗೂ ವ್ಯತ್ಯಾಸ ಕಾಣದ ಆ ಕತ್ತಲಲ್ಲಿ ಗುದ್ದಲಿ ಹಿಡಿದು, ಒಂದೊಂದು ಚೌಕ ಅಗೆದು, ಬೀಜ ಇಟ್ಟು, ಕೆರೆಗೆ ಓಡಿ ಕ್ಯಾನ್ ತುಂಬಿಕೊಂಡು ಬಂದು, ನೀರು ಹಾಕಿ ಮುಗಿಸುವಷ್ಟರಲ್ಲಿ ಒಂದು ಗಂಟೆ ಹತ್ತಾಗಿತ್ತು. ಬೆಂಗಳೂರಿನ ನನ್ನ ಬಾಡಿಗೆ ಮನೆಯ ಗೋಡೆ ಗಡಿಯಾರವೂ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸುತ್ತಿತ್ತು.

ಆ ರಾತ್ರಿಯ ಓಟ ಸಂಪೂರ್ಣ ವ್ಯರ್ಥವಾಗಿತ್ತೆಂಬುದು ನನಗೆ ಗೊತ್ತಾದದ್ದು ಒಂದು ತಿಂಗಳ ನಂತರ, ಲೆಕ್ಕ ಹಾಕಿದಾಗ. ಸ್ಟ್ರಾಬೆರಿ ನೆಟ್ಟ ಎಂಟನೆಯ ದಿನಕ್ಕೆ ಮೊದಲ ಹಣ್ಣು ಕೊಡುತ್ತದೆ, ಆಮೇಲೆ ನಾಲ್ಕು ದಿನಕ್ಕೊಮ್ಮೆ. ಋತುವಿಗೆ 28 ದಿನ. 13ರಂದು ನೆಟ್ಟರೆ 21 ಮತ್ತು 25ಕ್ಕೆ, 16ರಂದು ನೆಟ್ಟರೆ 24 ಮತ್ತು 28ಕ್ಕೆ. ಹೇಗೆ ಕೂಡಿದರೂ ಕೊಯ್ಲು ಎರಡೇ. ಮೂರು ದಿನ ಹಾಯಾಗಿ ಮಲಗಿ ಎದ್ದು ನೆಟ್ಟಿದ್ದರೂ ಒಂದು ಹಣ್ಣೂ ಕಡಿಮೆಯಾಗುತ್ತಿರಲಿಲ್ಲ. ದಿನವಿಡೀ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನಿಗೆ ಈ ಸರಳ ಕೂಡುಕಳೆ ಆ ರಾತ್ರಿ ಹೊಳೆಯಲಿಲ್ಲವೆಂಬುದು ನಾಚಿಕೆಯ ವಿಷಯ. ಆದರೆ ಈಗ ಹಿಂತಿರುಗಿ ನೋಡಿದರೆ, ಈ ಆಟದಲ್ಲಿ ನಾನು ಕಳೆದ ನೂರಾರು ಗಂಟೆಗಳಲ್ಲಿ ಅತ್ಯಂತ ಚೆನ್ನಾಗಿ ನೆನಪಿರುವುದು, ಲೆಕ್ಕ ಗೊತ್ತಿಲ್ಲದೆ ಒದ್ದಾಡಿದ ಆ ಒಂದು ರಾತ್ರಿಯೇ.

ಆಟವನ್ನು ನನಗೆ ಪರಿಚಯಿಸಿದವಳು ಅಣ್ಣನ ಮಗಳು. ಪಿಯುಸಿ ಓದುವ ಹುಡುಗಿ. ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ಲ್ಯಾಪ್‌ಟಾಪ್‌ನಲ್ಲಿ ಕೋಳಿಗೂಡು ಕಟ್ಟಿಸುತ್ತ ಕುಳಿತಿದ್ದಳು. ಮುಳಬಾಗಿಲು ತಾಲ್ಲೂಕಿನ ನಮ್ಮ ಊರಿನಲ್ಲಿ ಅವಳ ಅಪ್ಪ, ಅಂದರೆ ನನ್ನ ಅಣ್ಣ, ಇಂದಿಗೂ ಟೊಮ್ಯಾಟೊ ಬೆಳೆಯುತ್ತಾನೆ. ಮನೆಯಲ್ಲಿ ನಿಜವಾದ ಹೊಲ ಇರುವಾಗ ಇದೆಲ್ಲ ಯಾಕೆ ಎಂದು ನಾನು ಕೇಳಿದ್ದಕ್ಕೆ, "ಚಿಕ್ಕಪ್ಪ, ಇದರಲ್ಲಿ ಯಾರೂ ಬೈಯಲ್ಲ" ಎಂದಳು. ಅವಳು ಯಾವ ಅರ್ಥದಲ್ಲಿ ಹೇಳಿದಳೋ, ಆ ಉತ್ತರ ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು.

ಆಟದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಇಂತಹ ಆಟಗಳ ಮೂಲ ಜಪಾನಿನಲ್ಲಿದೆ. ಮಿಯಾಝಾಕಿ ಪ್ರಾಂತ್ಯದ ಹಳ್ಳಿಗಾಡಿನಿಂದ ಟೋಕಿಯೋಗೆ ಬಂದ ಯಾಸುಹಿರೊ ವಾಡಾ, ತಾನು ಬಿಟ್ಟುಬಂದ ಬದುಕನ್ನು ನೆನೆದು, ಹೊಡೆದಾಟವಿಲ್ಲದ ಆಟವೊಂದನ್ನು ರೂಪಿಸಿದರು. 1996ರಲ್ಲಿ ಬಂದ ಅದು ಹೊರದೇಶಗಳಲ್ಲಿ ಹಾರ್ವೆಸ್ಟ್ ಮೂನ್ ಎಂಬ ಹೆಸರು ಪಡೆಯಿತು. ಅದನ್ನು ಆಡಿ ಬೆಳೆದ ಎರಿಕ್ ಬರೋನ್ ಎಂಬ ಅಮೆರಿಕದ ಯುವಕ, ಕಂಪ್ಯೂಟರ್ ವಿಜ್ಞಾನ ಓದಿ ಕೆಲಸ ಸಿಗದಿದ್ದಾಗ, ಅಭ್ಯಾಸಕ್ಕೆಂದು ತನ್ನದೇ ಒಂದು ಆಟ ಬರೆಯತೊಡಗಿ, ಚಿತ್ರ, ಸಂಗೀತ, ಮಾತು, ಪ್ರೋಗ್ರಾಮ್ ಎಲ್ಲವನ್ನೂ ಒಬ್ಬನೇ ಮಾಡಿಕೊಂಡು, ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಜಾಗ ತೋರಿಸುವ ಕೆಲಸದಿಂದ ಬರುವ ಅಲ್ಪ ಸಂಬಳವನ್ನು ನೆಚ್ಚಿಕೊಂಡು, ಸುಮಾರು ನಾಲ್ಕೂವರೆ ವರ್ಷ ಅದರಲ್ಲೇ ಮುಳುಗಿದ. 2016ರ ಫೆಬ್ರವರಿ 26ರಂದು ಸ್ಟಾರ್‌ಡ್ಯೂ ವ್ಯಾಲಿ ಬಿಡುಗಡೆಯಾಯಿತು. 2024ರ ಕೊನೆಯ ಹೊತ್ತಿಗೆ ಅದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಊರು ಬಿಟ್ಟು ನಗರ ಸೇರಿದವರ ಹಳಹಳಿಕೆಗೆ ಇಷ್ಟು ದೊಡ್ಡ ಮಾರುಕಟ್ಟೆ ಇದೆಯೆಂಬುದು ಆಶ್ಚರ್ಯವೇನಲ್ಲ. ಆಟದ ಕಥೆ ಶುರುವಾಗುವುದೇ ಕಚೇರಿಯ ಮೇಜಿನ ಮುಂದೆ ಬಳಲಿ ಕುಳಿತ ಒಬ್ಬನಿಂದ: ಅವನು ಡ್ರಾಯರ್ ತೆರೆಯುತ್ತಾನೆ, ತಾತ ಬರೆದಿಟ್ಟು ಹೋದ ಪತ್ರ ಓದುತ್ತಾನೆ, ತಾತನ ಪಾಳುಬಿದ್ದ ತೋಟಕ್ಕೆ ಬಸ್ಸು ಹತ್ತುತ್ತಾನೆ. ನನ್ನಂಥವನನ್ನು ಗಾಳ ಹಾಕಿ ಹಿಡಿಯಲೆಂದೇ ಹೆಣೆದಂತಿದೆ.

ಬಸ್ಸಿಳಿದವನ ಕೈಯಲ್ಲಿ 500 ನಾಣ್ಯ, ಊರಿನ ಮುಖಂಡ ಕೊಟ್ಟ ಪಾರ್ಸ್ನಿಪ್ ಎಂಬ ಬಿಳಿ ಗೆಡ್ಡೆಯ 15 ಬೀಜ, ಮತ್ತು ಐದು ಹಳೆಯ ಸಲಕರಣೆಗಳು. ತೋಟದ ತುಂಬ ಕಲ್ಲು, ಕಳೆ, ಬಿದ್ದ ಮರ. ದೇಹದಲ್ಲಿ 270 ಅಂಕದ ಶಕ್ತಿ. ಆರಂಭದಲ್ಲಿ ಗುದ್ದಲಿಯ ಒಂದು ಏಟಿಗೆ 2, ಒಂದು ಗಿಡಕ್ಕೆ ನೀರು ಹಾಕಿದರೆ 2. ನೂರು ಗಿಡ ಇಟ್ಟವನ ಶಕ್ತಿಯ ಬಹುಭಾಗ ಬೆಳಗಿನ ನೀರಿಗೇ ತೀರಿಹೋಗುತ್ತದೆ. ಕ್ಯಾನ್‌ನಲ್ಲಿ 40 ಸಲಕ್ಕಾಗುವಷ್ಟೇ ನೀರು ಹಿಡಿಯುವುದರಿಂದ ಕೆರೆಗೆ ಮತ್ತೆ ಮತ್ತೆ ಹೋಗಿಬರಬೇಕು. ಅದನ್ನು ದೊಡ್ಡದು ಮಾಡಿಸಲು ಕಮ್ಮಾರನ ಬಳಿ ಬಿಟ್ಟರೆ ಅವನು ಎರಡು ದಿನ ಇಟ್ಟುಕೊಳ್ಳುತ್ತಾನೆ. ಆ ಎರಡು ದಿನ ಗಿಡಗಳು ಒಣಗಿ ನಿಲ್ಲುತ್ತವೆ. ಆದ್ದರಿಂದ ಅನುಭವಸ್ಥರು ಹಿಂದಿನ ರಾತ್ರಿ ಟಿವಿಯಲ್ಲಿ ಹವಾಮಾನ ನೋಡಿ, ನಾಳೆ ಮಳೆಯೆಂದರೆ ಇಂದು ನೀರು ಹಾಕಿ ಮುಗಿಸಿದ ಮೇಲೆ ಕ್ಯಾನ್ ಒಯ್ದು ಕೊಡುತ್ತಾರೆ. ಇಂಥ ಸಣ್ಣ ಉಪಾಯಗಳು ತಾನಾಗಿ ಹೊಳೆದಾಗ ಆಗುವ ಖುಷಿಯೇ ಈ ಆಟದ ಮೊದಲ ರುಚಿ.

ಆಟದ ನಿಜವಾದ ಕೊರತೆ ಇರುವುದು ಹೊತ್ತಿನದು. ನೆಲವೂ ನೀರೂ ಬೇಕಾದಷ್ಟಿವೆ. ಬೆಳಗಿನ ಆರರಿಂದ ನಡುರಾತ್ರಿ ಎರಡರವರೆಗಿನ ಒಂದು ದಿನ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಅಷ್ಟರಲ್ಲಿ ನೀರು ಹಾಕಬೇಕು, ಹಸುವನ್ನು ಮಾತನಾಡಿಸಬೇಕು, ಐದು ಗಂಟೆಗೆ ಬಾಗಿಲು ಹಾಕುವ ಅಂಗಡಿಗೆ ಹೋಗಬೇಕು, ಬುಧವಾರ ಆ ಅಂಗಡಿಗೆ ರಜೆಯೆಂಬುದನ್ನು ನೆನಪಿಡಬೇಕು, ಗಣಿಗೆ ಇಳಿದು ತಾಮ್ರ ತರಬೇಕು. ನಾನು ಮೊದಲ ವರ್ಷ ವಸಂತದ 18ರಂದು ಹೂಕೋಸು ನೆಟ್ಟೆ. ಹೂಕೋಸಿಗೆ 12 ದಿನ. 28ರ ರಾತ್ರಿ ಮಲಗಿ ಎದ್ದಾಗ ಗ್ರೀಷ್ಮ ಬಂದಿತ್ತು, ಹೊಲದಲ್ಲಿ ಹತ್ತು ಗಿಡಗಳೂ ಕಂದುಬಣ್ಣಕ್ಕೆ ತಿರುಗಿ ಮುದುಡಿ ನಿಂತಿದ್ದವು. ಇನ್ನೆರಡು ದಿನ ಸಿಕ್ಕಿದ್ದರೆ ಆಗುತ್ತಿತ್ತು. ಕುಡುಗೋಲಿನಿಂದ ಅವನ್ನು ಒಂದೊಂದಾಗಿ ಕತ್ತರಿಸಿ ತೆಗೆಯುವಾಗ, ಅಪ್ಪ ಎಲೆಮುಟುರು ರೋಗ ಬಿದ್ದ ಟೊಮ್ಯಾಟೊ ಗಿಡಗಳನ್ನು ಕಿತ್ತು ಬದುವಿನ ಮೇಲೆ ರಾಶಿ ಹಾಕುತ್ತಿದ್ದದ್ದು ಕಣ್ಣಮುಂದೆ ಬಂತು. ಹೋಲಿಕೆ ಸರಿಯಲ್ಲವೆಂದು ಗೊತ್ತು. ನನಗೆ ಹೋದದ್ದು ಕಾಣದ 800 ನಾಣ್ಯ.

ಆ ಗ್ರೀಷ್ಮದಲ್ಲಿ ನಾನು ಬೇರೇನನ್ನೂ ಯೋಚಿಸದೆ 40 ಟೊಮ್ಯಾಟೊ ಗಿಡ ಇಟ್ಟೆ. ಅಂಗಡಿಯಲ್ಲಿ ಕಲ್ಲಂಗಡಿಯಂಥ ಹಣ್ಣು, ಮೆಣಸಿನಕಾಯಿ, ಬ್ಲೂಬೆರಿ ಎಲ್ಲ ಇದ್ದವು. ಆದರೆ ಟೊಮ್ಯಾಟೊ ಬೀಜದ ಪೊಟ್ಟಣದ ಮೇಲಿನ ಕೆಂಪು ಚಿತ್ರ ಕಂಡಮೇಲೆ ಕೈ ಬೇರೆಡೆ ಹೋಗಲಿಲ್ಲ. ನಮ್ಮ ಭಾಗದವರಿಗೆ ಟೊಮ್ಯಾಟೊ ಎಂದರೆ ಬರೀ ತರಕಾರಿಯಲ್ಲ. ಮನೆ ಕಟ್ಟಿಸಿದ್ದು, ಮದುವೆ ಮಾಡಿದ್ದು, ಸಾಲ ತೀರಿಸಿದ್ದು, ಮತ್ತೆ ಸಾಲ ಮಾಡಿದ್ದು ಎಲ್ಲವೂ ಅದರ ಹೆಸರಿನಲ್ಲೇ. ಆಟದ ಟೊಮ್ಯಾಟೊ 11 ದಿನಕ್ಕೆ ಹಣ್ಣಾಗುತ್ತದೆ, ಆಮೇಲೆ ನಾಲ್ಕು ದಿನಕ್ಕೊಮ್ಮೆ ಬಿಡಿಸಬಹುದು. ನಮ್ಮೂರಿನಲ್ಲಿ ನರ್ಸರಿಯಿಂದ ಸಸಿ ತಂದು ನಾಟಿ ಮಾಡಿದ ಮೇಲೆ ಮೊದಲ ಕಾಯಿ ಬಿಡಿಸಲು ಎರಡು–ಎರಡೂವರೆ ತಿಂಗಳು ಬೇಕು. ಅಷ್ಟರೊಳಗೆ ಸಾಲಿನುದ್ದಕ್ಕೂ ನೀಲಗಿರಿ ಕಡ್ಡಿ ನೆಟ್ಟು, ದಾರ ಎಳೆದು, ಗಿಡ ಎತ್ತರವಾದಂತೆಲ್ಲ ಮತ್ತೊಂದು ದಾರ ಕಟ್ಟಬೇಕು. ಕಟ್ಟದೆ ಬಿಟ್ಟರೆ ಕಾಯಿ ನೆಲ ತಾಗಿ ಕೊಳೆಯುತ್ತದೆ. ಆಟದಲ್ಲಿ ಕಡ್ಡಿಯೂ ಇಲ್ಲ, ದಾರವೂ ಇಲ್ಲ. ವಿಚಿತ್ರವೆಂದರೆ ಅಲ್ಲಿ ಹುರುಳಿಕಾಯಿಗೂ ದ್ರಾಕ್ಷಿಗೂ ಚಪ್ಪರವಿದೆ, ಅವುಗಳ ನಡುವೆ ಹಾದುಹೋಗಲು ಆಗುವುದಿಲ್ಲ; ಟೊಮ್ಯಾಟೊ ಗಿಡವನ್ನು ಮಾತ್ರ ಗಾಳಿಯ ಹಾಗೆ ದಾಟಿಕೊಂಡು ನಡೆಯಬಹುದು. ಕಡ್ಡಿ ನೆಡುವ ಕೂಲಿಯ ಲೆಕ್ಕ ನೋಡಿ ಬೆಳೆದ ನನಗೆ ಇದೊಂದು ದೊಡ್ಡ ರಿಯಾಯಿತಿಯಂತೆ ಕಂಡಿತು.

ಬೆದರುಬೊಂಬೆಯ ವಿಷಯದಲ್ಲೂ ಹೀಗೆಯೇ. ಆಟದಲ್ಲಿ ಅದನ್ನು ನಿಲ್ಲಿಸಿದರೆ ಸುತ್ತ ಎಂಟು ಚೌಕದ ದೂರದವರೆಗೆ ಕಾಗೆ ಮುಟ್ಟುವುದಿಲ್ಲ. ನಮ್ಮ ಹೊಲದ ಅಂಚಿನ ಬೊಂಬೆಗೆ ಕಾಗೆಗಳು ಹೆದರಿದ್ದನ್ನು ನಾನು ಕಂಡಿಲ್ಲ. ಅದು ನಿಂತಿರುವುದು ರಸ್ತೆಯಲ್ಲಿ ಹೋಗುವವರ ದೃಷ್ಟಿ ತಾಗದಿರಲೆಂದು.

ಮೊದಲ ವರ್ಷ ಹೀಗೆ ಕಳೆಯಿತು. ಹೊಲದ ಸಾಲುಗಳು ಸೊಟ್ಟಗಿದ್ದವು, ಬೇಕಾದ್ದು ಬೇಕಾದಾಗ ಸಿಗುತ್ತಿರಲಿಲ್ಲ, ಊರಿನ ಹಳೆಯ ಸಮುದಾಯ ಭವನವನ್ನು ದುರಸ್ತಿ ಮಾಡಿಸಲು ಒಪ್ಪಿಸಬೇಕಾದ ಬೆಳೆಗಳಲ್ಲಿ ಅರ್ಧವನ್ನು ಮಾರಿಬಿಟ್ಟಿದ್ದೆ. ಎರಡನೆಯ ವರ್ಷ ಶುರುವಾಗುವ ಹೊತ್ತಿಗೆ ನಾನು ಮಾಡಬಾರದ ಒಂದು ಕೆಲಸ ಮಾಡಿದೆ: ಒಂದು ಭಾನುವಾರ ಎಕ್ಸೆಲ್ ತೆರೆದು ಎಲ್ಲ ಬೆಳೆಗಳ ಪಟ್ಟಿ ಮಾಡಿದೆ. ಟೊಮ್ಯಾಟೊ ಬೀಜಕ್ಕೆ 50, ಹಣ್ಣಿಗೆ 60. ಋತುವಿನ ಮೊದಲ ದಿನ ನೆಟ್ಟರೆ ಐದು ಕೊಯ್ಲು, ಅಂದರೆ ಗಿಡಕ್ಕೆ 300. ಬ್ಲೂಬೆರಿ ಬೀಜಕ್ಕೆ 80, ಹಣ್ಣಿಗೆ 50. ಕೊಯ್ಲು ನಾಲ್ಕೇ ಆದರೂ ಒಂದು ಸಲಕ್ಕೆ ಮೂರು ಹಣ್ಣು, ಅಂದರೆ ಗಿಡಕ್ಕೆ 600. ನೂರು ಗಿಡಕ್ಕೆ ಖರ್ಚು ಕಳೆದು ಒಂದರಲ್ಲಿ 25,000, ಇನ್ನೊಂದರಲ್ಲಿ 52,000. ಇದನ್ನು ಕಂಡಮೇಲೆ ಟೊಮ್ಯಾಟೊ ಇಡುವುದಕ್ಕೆ ಯಾವ ಕಾರಣವೂ ಉಳಿಯಲಿಲ್ಲ. ಎರಡನೆಯ ಗ್ರೀಷ್ಮದಲ್ಲಿ ನನ್ನ ತೋಟದಲ್ಲಿ ಒಂದೇ ಒಂದು ಕೆಂಪು ಹಣ್ಣು ಇರಲಿಲ್ಲ. ನೀಲಿ ಸಮುದ್ರ.

ಅಲ್ಲಿಂದ ಆಟ ಕೆಡತೊಡಗಿತು. ಅಥವಾ ನಾನು ಅದನ್ನು ಕೆಡಿಸತೊಡಗಿದೆ. ಸಾಲುಗಳು ನೆಟ್ಟಗಾದವು. ಬೆಳಗಿನ ಆರಕ್ಕೆ ಎದ್ದ ಕೂಡಲೇ ಯಾವ ದಾರಿಯಲ್ಲಿ ಓಡಿದರೆ ಹತ್ತು ಸೆಕೆಂಡು ಉಳಿಯುತ್ತದೆಂಬುದು ಗೊತ್ತಾಯಿತು. ಬೆಟ್ಟದ ಬಳಿ ಡೇರೆಯಲ್ಲಿ ಒಬ್ಬಂಟಿಯಾಗಿರುವ ಮುದುಕ ಲೈನಸ್‌ನನ್ನು ಮಾತನಾಡಿಸುವುದು ಬಿಟ್ಟುಹೋಯಿತು, ಏಕೆಂದರೆ ಅವನ ಡೇರೆ ದೂರ. ಹಬ್ಬಗಳು ಬಂದರೆ ಒಂದು ದಿನದ ಕೆಲಸ ಹಾಳೆಂದು ಸಿಡುಕುವ ಹಂತ ಮುಟ್ಟಿದೆ. ಕಚೇರಿಯಲ್ಲಿ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ನಾನು ಹೇಗಿರುತ್ತೇನೋ ಹಾಗೆಯೇ ತೋಟದಲ್ಲೂ ಆಗಿದ್ದೆ. ಕಥಾನಾಯಕ ಯಾವ ಮೇಜನ್ನು ಬಿಟ್ಟು ಬಸ್ಸು ಹತ್ತಿದನೋ ಆ ಮೇಜನ್ನು ನಾನು ತೋಟಕ್ಕೇ ತಂದು ಹಾಕಿಕೊಂಡಿದ್ದೆ. ಆಟ ಇದಕ್ಕೆ ಯಾರನ್ನೂ ಬಲವಂತ ಮಾಡುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಸೋತೆ ಎಂದು ಹೇಳುವ ಪರದೆಯೇ ಅದರಲ್ಲಿಲ್ಲ. ಮೂರನೆಯ ವರ್ಷದ ಆರಂಭಕ್ಕೆ ತೀರಿಹೋದ ತಾತ ಬಂದು ನಾವು ಮಾಡಿದ್ದನ್ನು ತೂಗಿ ನೋಡುತ್ತಾನೆಂಬ ಒಂದು ಸಣ್ಣ ಹೆದರಿಕೆ ಇದೆ, ಅದೂ ಬೇಕೆಂದಾಗ ಮತ್ತೊಮ್ಮೆ ಕರೆಯಬಹುದಾದ ತಾತ.

ಅಣ್ಣನ ಮಗಳ ತೋಟ ನೋಡಿದಾಗ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು. ಅವಳು ಮೂರು ತಿಂಗಳಿನಿಂದ ಆಡುತ್ತಿದ್ದರೂ ಇನ್ನೂ ಮೊದಲ ವರ್ಷದ ಶರತ್ಕಾಲದಲ್ಲಿದ್ದಳು. ಮನೆಯ ಮುಂದೆ ಮಾರಿದರೆ ಹೆಚ್ಚೇನೂ ಸಿಗದ ಹೂಗಿಡಗಳು, ಅಡ್ಡಾದಿಡ್ಡಿ ಕಲ್ಲುಹಾದಿ, ಎರಡು ಕೋಳಿ. ಮಳೆಯ ದಿನ ಏನೂ ಕೆಲಸವಿಲ್ಲವೆಂದು ಸಮುದ್ರದ ದಂಡೆಯಲ್ಲಿ ಸುಮ್ಮನೆ ನಿಲ್ಲುತ್ತಾಳೆ. ಮೀನು ಹಿಡಿಯುವುದು ನನಗೆ ಇಂದಿಗೂ ಒಲಿಯದ ವಿದ್ಯೆ. ಹಸಿರು ಪಟ್ಟಿಯೊಳಗೆ ಮೀನನ್ನು ಹಿಡಿದಿಡಲು ಹೋದರೆ ಅದು ಒಮ್ಮೆ ತಳಕ್ಕೆ, ಒಮ್ಮೆ ಮೇಲಕ್ಕೆ ಚಿಮ್ಮಿ ತಪ್ಪಿಸಿಕೊಳ್ಳುತ್ತದೆ. ಅವಳು ಮಾತನಾಡುತ್ತಲೇ ಹಿಡಿಯುತ್ತಾಳೆ. ನನ್ನ ಎಕ್ಸೆಲ್ ಪಟ್ಟಿಯನ್ನು ತೋರಿಸಿದಾಗ ಅವಳು ಎರಡು ಕ್ಷಣ ನೋಡಿ, "ಇದು ಅಪ್ಪನ ಡೈರಿ ಥರಾನೇ ಇದೆ" ಎಂದಳು. ಅಣ್ಣನ ಡೈರಿಯಲ್ಲಿ ಗೊಬ್ಬರ, ಔಷಧಿ, ಕೂಲಿ, ಬಾಕ್ಸು, ಬಾಡಿಗೆ, ಕಮಿಷನ್ ಎಂದು ಸಾಲುಸಾಲಾಗಿ ಬರೆದಿರುತ್ತದೆ. ಕೊನೆಯ ಸಾಲಿನ ಮುಂದೆ ಎಷ್ಟೋ ಸಲ ಏನೂ ಬರೆದಿರುವುದಿಲ್ಲ.

ಡೈರಿಯ ಆ ಖಾಲಿ ಸಾಲೇ ಆಟಕ್ಕೂ ಹೊಲಕ್ಕೂ ಇರುವ ಅಂತರ. ಆಟದಲ್ಲಿ ಮನೆಯ ಪಕ್ಕ ಒಂದು ಮರದ ಪೆಟ್ಟಿಗೆ ಇರುತ್ತದೆ. ಬೆಳೆದದ್ದನ್ನು ಅದರಲ್ಲಿ ಹಾಕಿ ಮಲಗಿದರೆ ಬೆಳಿಗ್ಗೆ ಹಣ ಬಂದಿರುತ್ತದೆ. ಒಂದು ಟೊಮ್ಯಾಟೊ ಹಾಕಿದರೂ 60, ಸಾವಿರ ಹಾಕಿದರೂ ಒಂದೊಂದಕ್ಕೂ 60. ಮೊದಲ ವರ್ಷವೂ ಅದೇ, ಹತ್ತನೆಯ ವರ್ಷವೂ ಅದೇ. ಗುಣಮಟ್ಟ ಚೆನ್ನಾಗಿದ್ದರೆ ಬೆಳ್ಳಿ, ಚಿನ್ನದ ನಕ್ಷತ್ರ ಬಿದ್ದು ಬೆಲೆ ಏರುತ್ತದೆಯೇ ಹೊರತು, ಕಾಯಿ ಸಣ್ಣದಾಯಿತು, ಬಣ್ಣ ಬಂದಿಲ್ಲ, ಇವತ್ತು ಹೊರರಾಜ್ಯದ ಲಾರಿ ಬಂದಿಲ್ಲ ಎಂದು ಯಾರೂ ಇಳಿಸುವುದಿಲ್ಲ. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಬಾಕ್ಸು ಹರಾಜಿಗೆ ನಿಂತಾಗ ಅದರ ಬೆಲೆ ಎಷ್ಟೆಂದು ಹಿಂದಿನ ರಾತ್ರಿ ಹೇಳಬಲ್ಲವರು ಯಾರೂ ಇಲ್ಲ. 2023ರ ಜುಲೈನಲ್ಲಿ ಅದು 2,000 ರೂಪಾಯಿ ದಾಟಿತ್ತು. ಅದೇ ಬಾಕ್ಸಿಗೆ ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಬಂದ ವರ್ಷಗಳನ್ನು ನಾನೇ ಕಂಡಿದ್ದೇನೆ. 2023ರಲ್ಲಿ ಅಣ್ಣನ ಹೊಲದಲ್ಲಿ ಬಿಳಿನೊಣ ಹರಡಿದ ರೋಗಕ್ಕೆ ಮುಕ್ಕಾಲು ಗಿಡ ಹೋಗಿತ್ತು. ಬೆಲೆ ಇದ್ದಾಗ ಬೆಳೆ ಇಲ್ಲ, ಬೆಳೆ ಇದ್ದಾಗ ಬೆಲೆ ಇಲ್ಲ ಎಂಬ ಮಾತನ್ನು ನಮ್ಮ ಕಡೆ ನಿಟ್ಟುಸಿರಿನ ಬದಲಿಗೆ ಬಳಸುತ್ತಾರೆ.

ಎಲ್ಲ ಕೃಷಿ ಆಟಗಳೂ ಹೀಗಿಲ್ಲವೆಂಬುದನ್ನೂ ಹೇಳಬೇಕು. ಸ್ವಿಟ್ಜರ್‌ಲ್ಯಾಂಡಿನ ಸಂಸ್ಥೆಯೊಂದು 2008ರಿಂದ ಹೊರತರುತ್ತಿರುವ ಫಾರ್ಮಿಂಗ್ ಸಿಮ್ಯುಲೇಟರ್ ಸರಣಿಯಲ್ಲಿ ಬ್ಯಾಂಕಿನ ಸಾಲವಿದೆ, ಏರಿಳಿಯುವ ದರವಿದೆ, ಟ್ರಾಕ್ಟರಿನ ಇಂಧನದ ಖರ್ಚಿದೆ. ನಾನು ಅದನ್ನು ಎರಡು ವಾರ ಆಡಿ ಬಿಟ್ಟೆ. ಗೋಧಿ ಕೊಯ್ಯುವ ಯಂತ್ರವನ್ನು ಅರ್ಧ ಗಂಟೆ ನೇರವಾಗಿ ಓಡಿಸುವುದರಲ್ಲಿ ಧ್ಯಾನದಂಥ ಸುಖವಿದೆಯೆಂದು ಅದರ ಅಭಿಮಾನಿಗಳು ಹೇಳುತ್ತಾರೆ, ಇರಬಹುದು. ಆದರೆ ಸಾಲದ ಕಂತನ್ನು ಆಟದಲ್ಲೂ ನೋಡುವ ಉತ್ಸಾಹ ನನಗಿರಲಿಲ್ಲ. ಅದಕ್ಕೂ ಹಿಂದೆ, 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಬಂದಾಗ ನಾನು ಮೊದಲ ಕೆಲಸಕ್ಕೆ ಸೇರಿದ ಹೊಸತು. ಅದರಲ್ಲಿ ಸ್ಟ್ರಾಬೆರಿ ನಾಲ್ಕು ಗಂಟೆಗೆ ಹಣ್ಣಾಗುತ್ತಿತ್ತು, ನಮ್ಮ ನಿಜವಾದ ನಾಲ್ಕು ಗಂಟೆ. ಹೊತ್ತಿಗೆ ಸರಿಯಾಗಿ ಬಿಡಿಸದಿದ್ದರೆ ಬಾಡುತ್ತಿತ್ತು. ಊಟದ ಬಿಡುವಿನಲ್ಲಿ ಇಡೀ ವಿಭಾಗವೇ ಕದ್ದುಮುಚ್ಚಿ ಕೊಯ್ಲು ಮಾಡುತ್ತಿದ್ದ ಕಾಲವದು. 2020ರ ಡಿಸೆಂಬರ್ 31ರಂದು ಅದನ್ನು ಮುಚ್ಚಿದಾಗ ನನ್ನ ತೋಟ ಹತ್ತು ವರ್ಷದಿಂದ ಬಾಡಿಯೇ ಇತ್ತು. ಆ ಆಟ ನಮ್ಮ ಗಡಿಯಾರವನ್ನು ಹಿಡಿದು ಆಡಿಸುತ್ತಿತ್ತು. ಸ್ಟಾರ್‌ಡ್ಯೂ ವ್ಯಾಲಿ ನಾವು ಮುಚ್ಚಿಟ್ಟ ದಿನದಲ್ಲೇ ನಿಂತು ಕಾಯುತ್ತದೆ. ಈ ಒಂದು ಸೌಜನ್ಯಕ್ಕಾಗಿಯೇ ನಾನು ಅದನ್ನು ಬಿಡಲಿಲ್ಲವೆನಿಸುತ್ತದೆ.

ಆದರೆ ಅದಕ್ಕೂ ತನ್ನದೇ ಒಂದು ಕುತಂತ್ರವಿದೆ. ಲ್ಯಾಪ್‌ಟಾಪ್‌ನಲ್ಲಿ ಆಡುವಾಗ ಆಟ ಉಳಿಯುವುದು ನಾಯಕ ಹಾಸಿಗೆಗೆ ಹೋದಾಗ ಮಾತ್ರ. ಮಲಗಿದ ಕೂಡಲೇ ಅಂದಿನ ಗಳಿಕೆಯ ಪಟ್ಟಿ ಬರುತ್ತದೆ, ಪಟ್ಟಿ ಮುಗಿದ ಕೂಡಲೇ ಕೋಳಿ ಕೂಗಿ ಬೆಳಗಾಗುತ್ತದೆ. ನಿಲ್ಲಿಸಲು ಸಿಗುವ ಜಾಗವೆಂದರೆ ಅದೊಂದೇ, ಮತ್ತು ಆ ಜಾಗದಲ್ಲಿ ನಿಂತಾಗ ನಿನ್ನೆ ಕಾಯಾಗಿದ್ದದ್ದು ಇಂದು ಹಣ್ಣಾಗಿ ಅಲುಗಾಡುತ್ತಿರುತ್ತದೆ. ಬಿಡಿಸದೆ ಮುಚ್ಚುವುದು ಹೇಗೆ? ಬಿಡಿಸಿದ ಮೇಲೆ ಆ ದಿನ ಮುಗಿಸದೆ ಮುಚ್ಚಿದರೆ ಬಿಡಿಸಿದ್ದೆಲ್ಲ ವ್ಯರ್ಥ. ಹೀಗೆ ಇನ್ನೊಂದು ದಿನ, ಇನ್ನೊಂದೇ ದಿನ ಎಂದು ಹದಿನಾಲ್ಕು ಹದಿನಾಲ್ಕು ನಿಮಿಷಗಳಾಗಿ ರಾತ್ರಿ ಕರಗುತ್ತದೆ. ಒಂದು ಋತುವಿಗೆ ಆರೂವರೆ ಗಂಟೆ, ಒಂದು ವರ್ಷಕ್ಕೆ 26 ಗಂಟೆ. ಎಂಟು ವರ್ಷ ಬೇಸಾಯ ಮಾಡಿದವನು ಎಷ್ಟು ನಿದ್ದೆ ಕಳೆದುಕೊಂಡಿದ್ದಾನೆಂಬ ಲೆಕ್ಕವನ್ನು ನನ್ನ ಹೆಂಡತಿ ಒಮ್ಮೆ ಬಾಯಿಯಲ್ಲೇ ಹಾಕಿ ತೋರಿಸಿದಳು. ಈಗ ನಾನು ಎರಡು ದಿನವೆಂದು ಎಣಿಸಿಕೊಂಡು ಕೂರುತ್ತೇನೆ. ಮೂರನೆಯದು ಆಗುವುದುಂಟು.

ಬ್ಲೂಬೆರಿಯ ವರ್ಷ ಮುಗಿದ ಮೇಲೆ ಸುಮಾರು ಆರು ತಿಂಗಳು ಆಟ ತೆರೆಯಲಿಲ್ಲ. ಮತ್ತೆ ತೆರೆದದ್ದು ಯುಗಾದಿಗೆ ಊರಿಗೆ ಹೋಗಿದ್ದಾಗ. ಅಣ್ಣನ ಮಗಳ ಜೊತೆ ಜಗಲಿಯಲ್ಲಿ ಕುಳಿತು ಹೊಸ ತೋಟ ಶುರು ಮಾಡಿದೆ, ಈ ಸಲ ಎಕ್ಸೆಲ್ ಇಲ್ಲದೆ. ಗ್ರೀಷ್ಮಕ್ಕೆ ಬಂದಾಗ ಇಪ್ಪತ್ತು ಟೊಮ್ಯಾಟೊ ಇಟ್ಟೆ. ಬ್ಲೂಬೆರಿಯ ಲಾಭ ನೆನಪಿದ್ದೂ ಇಟ್ಟೆ. ಕಲಿತ ಲೆಕ್ಕವನ್ನು ಮರೆಯಲು ಬರುವುದಿಲ್ಲ, ಅದನ್ನು ಕೇಳದಂತೆ ಇರಬಹುದು ಅಷ್ಟೆ. ಅದರ ಜೊತೆಗೆ ಒಂದು ಹೊಸ ಸಂಗತಿಯೂ ಕಂಡಿತು. ಮರದ ಜಾಡಿಯೊಂದನ್ನು ಮಾಡಿಕೊಂಡು ಟೊಮ್ಯಾಟೊವನ್ನು ಅದರಲ್ಲಿ ಹಾಕಿ ಕೆಲವು ದಿನ ಬಿಟ್ಟರೆ ಅದು ಉಪ್ಪಿನಕಾಯಿಯಾಗಿ, 60ರ ಹಣ್ಣಿಗೆ 170 ಸಿಗುತ್ತದೆ. ಟೊಮ್ಯಾಟೊ ಸಂಸ್ಕರಿಸುವ ಕಾರ್ಖಾನೆ ಬೇಕೆಂದು ನಮ್ಮ ಜಿಲ್ಲೆಯವರು ಎಷ್ಟು ವರ್ಷದಿಂದ ಕೇಳುತ್ತಿದ್ದಾರೋ. ಇಲ್ಲಿ ಐವತ್ತು ಮರ, ನಲವತ್ತು ಕಲ್ಲು, ಎಂಟು ಕಲ್ಲಿದ್ದಲಿಗೆ ಅದು ಮನೆಯ ಹಿಂದೆಯೇ ಸಿದ್ಧವಾಗುತ್ತದೆ.

ಹೊಲದಿಂದ ಬಂದ ಅಪ್ಪ ಕೈಕಾಲು ತೊಳೆದು, ಕಂಬಕ್ಕೆ ಒರಗಿ ಕುಳಿತು, ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಎಪ್ಪತ್ತು ದಾಟಿದ ಮೇಲೆ ಕಣ್ಣು ಮಂಜಾಗಿದೆಯಾದರೂ ಕೆಂಪು ಕಾಯಿ ಗುರುತು ಹಿಡಿದರು.

"ಟೊಮ್ಯಾಟೊ ಅಲ್ವೇನಪ್ಪಾ ಅದು? ರೇಟೆಷ್ಟೈತೆ?"

"ಅರವತ್ತು."

"ಇವತ್ತಾ?"

"ದಿನಾ ಅಷ್ಟೇ ಅಪ್ಪಾ. ಬದಲಾಗಲ್ಲ."

ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ, "ಎಲ್ರೂ ಅದನ್ನೇ ಹಾಕುದ್ರೆ?" ಎಂದರು.

ಇಷ್ಟು ವರ್ಷ ಆಡಿದ ನನಗೆ ಆ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಆ ಕಣಿವೆಯಲ್ಲಿ ದನ ಸಾಕುವ ಹೆಂಗಸೊಬ್ಬಳಿದ್ದಾಳೆ, ಅಂಗಡಿಯವನಿದ್ದಾನೆ, ಕಮ್ಮಾರ, ಬಡಗಿ, ವೈದ್ಯ, ಮೀನುಗಾರ ಎಲ್ಲರೂ ಇದ್ದಾರೆ; ಬೆಳೆ ಇಟ್ಟು ಪೆಟ್ಟಿಗೆಗೆ ಹಾಕುವವನು ನಾನೊಬ್ಬನೇ. ಪಕ್ಕದ ಊರು ಇಲ್ಲ, ಪಕ್ಕದ ಜಿಲ್ಲೆ ಇಲ್ಲ, ಹೋದ ವರ್ಷ ಒಳ್ಳೆಯ ಬೆಲೆ ಬಂತೆಂದು ಈ ವರ್ಷ ನಾಲ್ಕು ಎಕರೆಗೆ ಏರಿಸುವ ನೆಂಟರಿಲ್ಲ. "ಆ ಊರಲ್ಲಿ ಬೇರೆ ರೈತರೇ ಇಲ್ಲಪ್ಪಾ" ಎಂದೆ. ಅಪ್ಪ "ಮತ್ತೆ ಸರಿ" ಎಂದು ತಲೆದೂಗಿದರು, ದರ ಯಾಕೆ ಬದಲಾಗುವುದಿಲ್ಲವೆಂಬ ಒಗಟು ಅವರ ಮಟ್ಟಿಗೆ ಬಗೆಹರಿದಂತೆ.

ನಾನು ಎಂದಿನಂತೆ ಕ್ಯಾನ್ ಹಿಡಿದು ಒಂದೊಂದೇ ಗಿಡಕ್ಕೆ ನೀರು ಹಾಕತೊಡಗಿದೆ. ಸಾಲು ಮುಗಿದು, ಕೆರೆಗೆ ಹೋಗಿ ತುಂಬಿಕೊಂಡು, ಮತ್ತೆ ಬಂದೆ. ನಮ್ಮ ಜಮೀನಿನಲ್ಲಿ ಮೂರು ಬೋರ್‌ವೆಲ್ ಕೊರೆಸಿ ಎರಡು ಬತ್ತಿವೆ, ಮೂರನೆಯದು 1,200 ಅಡಿಯಲ್ಲಿದೆ. ಎಷ್ಟು ತುಂಬಿಕೊಂಡರೂ ಇಳಿಯದ ಆ ಕೆರೆಯನ್ನು ಅಪ್ಪ ಬಹಳ ಹೊತ್ತು ನೋಡಿದರು. ಕೊನೆಗೆ ತಡೆಯಲಾರದೆ, "ಅಷ್ಟೊಂದು ನೀರಿಟ್ಕೊಂಡು ಕೈಯಲ್ಲಿ ಯಾಕೆ ಹೊರ್ತೀಯ, ಡ್ರಿಪ್ ಹಾಕ್ಸು" ಎಂದರು. ಡ್ರಿಪ್ ಇಲ್ಲ, ಸ್ಪ್ರಿಂಕ್ಲರ್ ಇದೆ, ಸಣ್ಣದು ನಾಲ್ಕೇ ಗಿಡಕ್ಕೆ ಹಾಯಿಸುತ್ತದೆ, ಇಪ್ಪತ್ತನಾಲ್ಕು ಗಿಡಕ್ಕೆ ಹಾಯಿಸುವ ದೊಡ್ಡದಕ್ಕೆ ಇರಿಡಿಯಂ ಎಂಬ ಲೋಹ ಬೇಕು, ಅದಕ್ಕೆ ಮರುಭೂಮಿಯ ಗುಹೆಯೊಳಗೆ ಇಳಿಯಬೇಕು, ಮೇಲಾಗಿ ಸಿಡಿಲು ಹಿಡಿದು ತುಂಬಿಸಿದ ಬ್ಯಾಟರಿಯೂ ಬೇಕು ಎಂದು ನಾನು ವಿವರಿಸಿದೆ.

ಅಪ್ಪ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, "ಸಬ್ಸಿಡಿ ಇಲ್ವಾ?" ಎಂದರು.